ಅಂಬುಜೆ ಬಾವಿಯಿಂದ ಮೇಲೆ ಬಂದದ್ದು

"ಮಾನ್ಯರಾದ ಕಾರ್ಯದರ್ಶಿಗಳಿಗೆ ಮೇಲವಂಕಿಯಿಂದ ಗೌರವ್ವ ಮಾಡುವ ನಮಸ್ಕಾರಗಳು. ನನ್ನ ಅಕ್ಷರ ದುಂಡಗಿಲ್ಲ. ಮಾತು ಅಕ್ಷರಕ್ಕಿಂತ ಸೊಟ್ಟ. ದೊಡ್ಡ ಮನಸ್ಸು ಮಾಡಿ ಎರಡನ್ನೂ ಕ್ಷಮಿಸಬೇಕು."

ಇಷ್ಟು ಬರೆಯಲು ಗೌರವ್ವನಿಗೆ ಮೂರು ದಿನ ಹಿಡಿಯಿತು. ಮೊದಲು ಪಾಟಿಯ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. 'ಕ್ಷ' ಪ್ರತಿ ಸಲವೂ ಒಂದು ಕಾಲು ಮುರಿದುಕೊಂಡ ಕುರಿಯ ಹಾಗೆ ಒಂದು ಕಡೆ ವಾಲುತ್ತಿತ್ತು. ಕಡೆಗೆ ಅದನ್ನು ಹಾಗೆಯೇ ಬಿಟ್ಟಳು; ಹೇಗಿದ್ದರೂ ಕ್ಷಮೆ ಕೇಳುತ್ತಿರುವುದರಿಂದ ಅದೂ ಅದರಲ್ಲೇ ಸೇರಲಿ ಎಂದುಕೊಂಡಳು.

ಇನ್ನು ಬರೆಯಬೇಕಾದದ್ದು ಅಭಿಪ್ರಾಯ. ಅಲ್ಲಿಗೆ ಬಂದಾಗ ಗೌರವ್ವನ ಕಿವಿ ಬಿಸಿಯಾದವು, ಲೇಖನಿ ನಿಂತಿತು.

ಗೋಕಾಕದಲ್ಲಿ ಮುರಿಗೆಪ್ಪ ಮಾಸ್ತರರೆಂಬ ಪಿಂಚಣಿದಾರರು ತಮ್ಮ ಮನೆಯ ಮಾಳಿಗೆಯ ಮೇಲೆ ಒಂದು ವಾಚನಾಲಯ ನಡೆಸುತ್ತಿದ್ದರು; ಅದರ ಕಾರ್ಯದರ್ಶಿಯೂ ಅವರೇ. ಆ ಬೇಸಿಗೆ ಅವರಿಗೊಂದು ಹೊಸ ವಿಚಾರ ಹೊಳೆದಿತ್ತು. ಸುತ್ತಲಿನ ಹಳ್ಳಿಗಳಿಗೆ ಮೂರು ಮೂರು ಪುಸ್ತಕ ಕಳಿಸುವುದು. ಮಳೆ ಹಿಡಿಯುವುದರೊಳಗೆ ಓದಿದವರು ತಮ್ಮ ಮತ್ತು ಕೇಳಿದವರ ಅಭಿಪ್ರಾಯವನ್ನು ಬರೆದು ಕಳಿಸುವುದು. ಅಭಿಪ್ರಾಯ ಪ್ರಾಮಾಣಿಕವಾಗಿದ್ದರೆ ಆ ಊರಿಗೆ ವರ್ಷವಿಡೀ ಪುಸ್ತಕ. ಇಲ್ಲವಾದರೆ ಒಂದು ಹಾಳೆಯೂ ಇಲ್ಲ. ಬೆಲ್ಲ ಮಾರಲು ಹೋಗಿದ್ದ ಕೆಂಚಪ್ಪ ಕಾಕಾ "ನಮ್ಮ ಮನ್ಯಾಗೂ ಒಂದು ಓದು ಬಲ್ಲ ಹುಡುಗಿ ಐತ್ರಿ" ಎಂದು ಹೇಳಿ ಮೂರು ಪುಸ್ತಕಗಳನ್ನು ಬೆಲ್ಲದ ಖಾಲಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. (ಅವುಗಳಲ್ಲಿ ಒಂದು ಪುಸ್ತಕದ ರಟ್ಟನ್ನು ಇರುವೆಗಳು ಗೌರವ್ವನಿಗಿಂತ ಮೊದಲೇ ಓದಿ ಮುಗಿಸಿದವು.)

ಓದು ಬಲ್ಲ ಹುಡುಗಿ ಸಾಲೆ ಬಿಟ್ಟು ಮೂರು ವರ್ಷವಾಗಿತ್ತು. ಕನ್ನಡ ಐದನೆಯ ಇಯತ್ತೆಯಲ್ಲಿದ್ದಾಗ ಇನಸ್ಪೆಕ್ಟರ ಸಾಹೇಬರು ಬಂದು, "ಏಳು ತಂಗಿ, ಓದು" ಎಂದಿದ್ದರು. ಗೌರವ್ವ ಎದ್ದಳು. ಪುಸ್ತಕವನ್ನೂ ಸರಿಯಾಗಿಯೇ ಹಿಡಿದಳು. ಧ್ವನಿ ಮಾತ್ರ ಬರಲಿಲ್ಲ. ಗೋಡೆಯ ಮೇಲಿನ ಹಲ್ಲಿ ಕೂಡ ಎರಡು ಸಲ ಲೊಚಗುಟ್ಟಿತು, ಈಕೆ ತುಟಿ ಬಿಚ್ಚಲಿಲ್ಲ. ಮರುದಿನದಿಂದ ಸಾಲೆಯ ಓಣಿಯಲ್ಲಿ ಕಾಲಿಡಲಿಲ್ಲ. ಅವ್ವ ಅಪ್ಪ ತೋಟದ ಮನೆಯಲ್ಲಿದ್ದರು. ಗೌರವ್ವ ಊರ ಮನೆಯಲ್ಲಿ ಆಯಿ, ಕಾಕಾ, ಚಿಗವ್ವರ ಜೊತೆ ಉಳಿದಳು. ಆಯಿ ಎಂದರೆ ಅಪ್ಪನ ತಾಯಿ ಬಾಳವ್ವ. ಎಪ್ಪತ್ತರ ಮುದುಕಿ, ಅಕ್ಷರದ ಗಂಧವಿಲ್ಲ. ಆದರೆ ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುವಂಥವು.

ಅಂಥ ಗೌರವ್ವನ ಧ್ವನಿ ಈ ಬೇಸಿಗೆಯಲ್ಲಿ ಹೊರಗೆ ಬಂದಿತ್ತು. ಬಂದದ್ದೇ ಎಡವಟ್ಟಾಯಿತು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಶಾವಿಗೆ ಮಣೆ ಹೂಡುತ್ತಿದ್ದರು. ಮೈತುಂಬ ಗೀರುಗಳಿರುವ ಉದ್ದನೆಯ ಹಲಗೆ ಅದು, ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಮೇಲೆ ಕೂತು ಚಿಗವ್ವ ಪಾರವ್ವ ಹಿಟ್ಟು ಹೊಸೆಯುವಳು. ಕೆಳಗೆ ಕೂತು ಬಾಜೂ ಮನೆಯ ಹಣಮವ್ವ, ಇಳಿದು ಬರುವ ಎಳೆಗಳನ್ನು ಅಂಗೈಯಲ್ಲಿ ಹಿಡಿದು ಕೋಲಿಗೆ ಹಾಕುವಳು. ಹೊಸೆಯುವ ಕೈ ನಿಂತಿತೋ, ಎಳೆ ಹರಿಯಿತು. ಆಯಿ ಕಂಬಕ್ಕೆ ಒರಗಿ ಉಸ್ತುವಾರಿ ಮಾಡುವಳು. ಎದುರಿಗೆ ಗೌರವ್ವ, ಪುಸ್ತಕ ತೊಡೆಯ ಮೇಲೆ, ಬೆರಳು ಸಾಲಿನ ಮೇಲೆ. ಕೈ ನಿಲ್ಲಬಾರದು, ಓದೂ ನಿಲ್ಲಬಾರದು ಎಂಬುದು ಆಯಿಯ ಅಪ್ಪಣೆ.

ಮೊದಲ ಪುಸ್ತಕ 'ಅಂಬುಜೆಯ ಅಶ್ರುಧಾರೆ.' ಬರೆದವರ ಹೆಸರಿನ ಜಾಗದಲ್ಲಿ 'ಓರ್ವ ಸಮಾಜಹಿತಚಿಂತಕ' ಎಂದಷ್ಟೇ ಇತ್ತು. ಆರನೆಯ ಪುಟದಲ್ಲಿ ಅಂಬುಜೆಯ ಅತ್ತೆ ಕಾದ ಸೌಟು ಹಿಡಿದು ಬಂದಳು.

ಗೌರವ್ವ ಗಂಟಲು ಸರಿಮಾಡಿಕೊಂಡು ಓದಿದಳು: "ಆಗ ಆ ಕ್ರೂರಿಯಾದ ಅತ್ತೆಯು..."

ಚಿಗವ್ವ ಆಯಿಯ ಕಡೆ ನೋಡಿದಳು. ಅವಳ ಮುಖದಲ್ಲಿ ಇಂಥ ಸಂತೋಷವನ್ನು ಗೌರವ್ವ ನೋಡಿಯೇ ಇರಲಿಲ್ಲ. ಕೈ ನಿಂತಿತು. ಎಳೆ ಹರಿಯಿತು.

"ಯಾರು ಬರದಾರಿದನ್ನ?" ಎಂದಳು ಆಯಿ. "ನಮ್ಮ ಮನಿಗೆ ಬಂದ ಹೋದಾವ್ರೇನು?"

"ಅಲ್ಲಬೇ ಆಯಿ, ನಾ ತಪ್ಪ ಓದಿದೆ," ಎಂದು ಗೌರವ್ವ ತಡವರಿಸಿದಳು. "ಆ ಕ್ರೂರಿಯಾದ ನೆರೆಮನೆಯವಳು..."

ಕೆಳಗಿನಿಂದ ಹಣಮವ್ವ ತಲೆ ಎತ್ತಿದಳು. "ಬಾಜೂ ಮನಿಯಾಕಿ ಏನ ಮಾಡ್ಯಾಳ ನಿಮಗ? ಉಂಡ ಎದ್ದಾಗಿಂದ ಎಳಿ ಹಿಡದ ಹಿಡದ ನನ್ನ ಕೈ ಸೆಟದಾವು!"

"ನೆರೆಮನೆ ಅಲ್ಲ... ಹುಕ್ಕೇರಿ ಕಡೆಯ ಒಬ್ಬಳು..."

"ಹುಕ್ಕೇರಿ ಕಡೆ?" ಚಿಗವ್ವನ ತವರುಮನೆ ಹುಕ್ಕೇರಿ ತಾಲೂಕಿನ ಘೋಡಗೇರಿ. "ನಮ್ಮ ಕಡೆಯಾವ್ರು ಸೌಟ ಹಿಡದು ತಿರಗತಾರಂತ ಅಚ್ಚ ಹಾಕ್ಯಾರೇನು?"

ಕಡೆಗೆ ಆ ಕ್ರೂರಿ ಸಮುದ್ರದಾಚೆಯ ಒಂದು ದೇಶದವಳಾದಳು. ಅಂಬುಜೆಗೆ ಚುರುಕು ಮುಟ್ಟಿಸುವ ಸಲುವಾಗಿ ದಿನಾಲೂ ಹಡಗಿನಲ್ಲಿ ಬಂದು ಹೋಗತೊಡಗಿದಳು. ಪಡಸಾಲೆಯಲ್ಲಿ ಶಾಂತಿ ನೆಲೆಸಿತು. ಶಾವಿಗೆ ಸರಸರನೆ ಇಳಿಯಿತು.

ಆ ದಿನ ಸಂಜೆ ಗೌರವ್ವ ರೊಟ್ಟಿ ಮುಟ್ಟಲಿಲ್ಲ. ಅಚ್ಚಾದದ್ದನ್ನು ಬಿಟ್ಟು ಬೇರೆ ಓದಿದ್ದಳು. ಸಾಲೆಯಲ್ಲಿ ಒಂದು ಕಾಗುಣಿತ ತಪ್ಪಿದರೂ ಹತ್ತು ಸಲ ಬರೆಯುತ್ತಿದ್ದ ಹುಡುಗಿ ಈಗ ಒಂದು ಇಡೀ ಅತ್ತೆಯನ್ನೇ ತಪ್ಪು ಓದಿದ್ದಳು. ನಾಳೆಯಿಂದ ಇದ್ದದ್ದನ್ನು ಇದ್ದ ಹಾಗೆ ಓದುವುದೆಂದು ಬಸವಣ್ಣನ ಪಟದ ಮುಂದೆ ನಿಂತು ಹೇಳಿಕೊಂಡಳು.

ನೂರಾ ಹನ್ನೆರಡನೆಯ ಪುಟದವರೆಗೆ ಮಾತು ಉಳಿಸಿಕೊಂಡಳು, ಹಡಗಿನದೊಂದನ್ನು ಬಿಟ್ಟು. ಅಲ್ಲಿ ಅಂಬುಜೆ ಬಾವಿಗೆ ಹಾರಿದಳು.

ಹಣಮವ್ವ ಎಳೆ ಬಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚಿಗವ್ವನ ಕಣ್ಣೀರು ನೇರವಾಗಿ ಹಿಟ್ಟಿನ ಮೇಲೆ ಬಿತ್ತು. ಹದವಾಗಿದ್ದ ಹಿಟ್ಟು ಸಡಿಲವಾಯಿತು. ಇಡೀ ಬೇಸಿಗೆಯ ಶಾವಿಗೆಗೇ ಗಂಡಾಂತರ ಬಂದಿತು.

"ಸತ್ತಳೇನು?" ಎಂದಳು ಆಯಿ.

ಗೌರವ್ವ ಮುಂದಿನ ಸಾಲು ನೋಡಿದಳು. ಸತ್ತಿದ್ದಳು. ಅದೂ 'ಮುಗಿಯಿತು' ಎಂಬ ದಪ್ಪಕ್ಷರದೊಡನೆ ಸತ್ತಿದ್ದಳು. ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು. ಇನಸ್ಪೆಕ್ಟರ ಸಾಹೇಬರೂ ಹೀಗೆಯೇ ನೋಡಿದ್ದರು. ಈಗಲೂ ನಿಂತರೆ ಇನ್ನೆಂದೂ ಧ್ವನಿ ಬರಲಾರದೆಂದು ಹೆದರಿ ಕಣ್ಣು ಮುಚ್ಚಿ ಓದಿಬಿಟ್ಟಳು:

"ಆದರೆ ಬಾವಿಯಲ್ಲಿ ನೀರಿರಲಿಲ್ಲ."

"ಅದ ಮತ್ತ!" ಆಯಿ ತೊಡೆ ತಟ್ಟಿಕೊಂಡಳು. "ಇಂಥಾ ಬ್ಯಾಸಗ್ಯಾಗ ಬಾವ್ಯಾಗ ನೀರು ಎಲ್ಲಿಂದ ಬರಬೇಕು? ಶ್ಯಾಣ್ಯಾ ಅದಾನ ಬರದಾಂವ. ಪಾರವ್ವಾ, ಹೊಸಿ. ಗೌರೀ, ಮುಂದ ಓದು."

ಮುಂದೆ ಏನಿತ್ತು? ಒಂದು ಪುಟ 'ಶುದ್ಧಾಶುದ್ಧ ಪತ್ರಿಕೆ.' ಯಾವ ಪುಟದ ಯಾವ ಸಾಲಿನಲ್ಲಿ ಯಾವ ಅಕ್ಷರ ತಪ್ಪು ಬಿದ್ದಿದೆ ಎಂಬ ಪಟ್ಟಿ, ಅಷ್ಟೇ. ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಗೌರವ್ವ ಎಂಟು ದಿನ ಓದಿದಳು. ಅಂಬುಜೆ ಬಾವಿಯಿಂದ ಮೇಲೆ ಬಂದಳು. ಎಮ್ಮೆ ಕಟ್ಟಿದಳು. ಮೂಡಲಗಿ ಸಂತೆಯಲ್ಲಿ ಬೆಣ್ಣೆ ಮಾರಿದಳು. ಹುಡುಕಿಕೊಂಡು ಬಂದ ಗಂಡನನ್ನು, ಹಣಮವ್ವನ ಒತ್ತಾಯದ ಮೇರೆಗೆ, ಎರಡು ಮಧ್ಯಾಹ್ನ ಬಾಗಿಲಲ್ಲೇ ನಿಲ್ಲಿಸಿದಳು.

ಎರಡನೆಯ ಪುಸ್ತಕ 'ಗೃಹಿಣೀ ನೀತಿಬೋಧಿನಿ.' ಮೊದಲ ಸಾಲು: 'ಸ್ತ್ರೀಯು ಎಲ್ಲರಿಗಿಂತ ಮೊದಲು ಎದ್ದು ನೀರು ಸೇದತಕ್ಕದ್ದು, ಎಲ್ಲರೂ ಉಂಡ ಬಳಿಕ ಉಳಿದುದನ್ನು ಉಣ್ಣತಕ್ಕದ್ದು.' ಗೌರವ್ವ 'ಸ್ತ್ರೀ' ಎಂದು ಬಾಯಿ ತೆರೆದಳೋ ಇಲ್ಲವೋ, ಚಿಗವ್ವ ಹಿಟ್ಟಿನ ಮುದ್ದೆಯನ್ನು ಮಣೆಗೆ ಎಷ್ಟು ಜೋರಾಗಿ ಅಪ್ಪಳಿಸಿದಳೆಂದರೆ, 'ಸ್ತ್ರೀ' ಹೋಗಿ 'ಗಂಡಸು' ಆಯಿತು. ಮೊದಲ ಸಾಲಿನಲ್ಲಿ ಗಂಡಸಾದ ಮೇಲೆ ಎಂಬತ್ತು ಪುಟವೂ ಗಂಡಸೇ ಆಗಬೇಕಲ್ಲವೇ? ಗೌರವ್ವ ಬಹಳ ಎಚ್ಚರಿಕೆಯ ಹುಡುಗಿ. ಒಂದು ಕಡೆಯೂ 'ಳು' ಉಳಿಯದಂತೆ ಎಲ್ಲವನ್ನೂ 'ನು' ಮಾಡಿ ಓದಿದಳು.

ಪರಿಣಾಮ ಕೆಂಚಪ್ಪ ಕಾಕಾನ ಮೇಲಾಯಿತು. ಕಾಕಾ ಸಹಿ ಮಾಡುವಷ್ಟೇ ಕಲಿತವನು; ಅಚ್ಚಾದದ್ದೆಲ್ಲ ಸರಕಾರದಿಂದ ಬಂದದ್ದು ಎಂದು ನಂಬಿದವನು.

"ಹಿಂಗಂತ ಅಚ್ಚ ಆಗೇತೇನು?" ಎಂದು ಅವನು ಎರಡು ಸಲ ಕೇಳಿದ.

"ಆಗೇತ್ರಿ," ಎಂದಳು ಚಿಗವ್ವ. "ಕೇಳ್ರಿ ನಿಮ್ಮ ಅಣ್ಣನ ಮಗಳನ್ನ."

ಗೌರವ್ವ ನೆಲ ನೋಡಿದಳು. ನೆಲ ನೋಡಿದ್ದನ್ನು ಕಾಕಾ ಹೌದೆಂದು ತಿಳಿದ. ಮರುದಿನ ಮುಂಜಾನೆಯಿಂದ ಓಣಿಯ ಬಾವಿಯಲ್ಲಿ ಹೆಂಗಸರ ಸಾಲಿನ ನಡುವೆ ರುಮಾಲು ಸುತ್ತಿದ ಒಂದೇ ಒಂದು ತಲೆ ಕಾಣತೊಡಗಿತು. ಕೇಳಿದವರಿಗೆಲ್ಲ "ಹೊಸಾ ಕಾಯದೆ ಬಂದೈತ್ರಿ, ನಿಮ್ಮ ಓಣಿಗೂ ಬರತೈತಿ" ಎಂದು ಗಂಭೀರವಾಗಿ ಹೇಳುತ್ತಿದ್ದ. ಮೂಡಲಗಿ ಸಂತೆಯಲ್ಲೂ ಹೇಳಿದನಂತೆ. ಕಾಕಾ ಕೊಡ ಹೊತ್ತು ಬಾಗಿಲಿಗೆ ಬಂದಾಗಲೆಲ್ಲ ಗೌರವ್ವ ಕೋಣೆಯಲ್ಲಿ ಕಣಜದ ಹಿಂದೆ ಸೇರಿಕೊಳ್ಳುವಳು.

ಮೂರನೆಯದು 'ಏಳು ಕೀಲಿಯ ಪೆಟ್ಟಿಗೆ.' ಪತ್ತೇದಾರಿ ಕಥೆ. ಅಚ್ಚಾದ ಪ್ರಕಾರ ಆಭರಣ ಕದ್ದವಳು ಆ ಮನೆಯ ಎಪ್ಪತ್ತು ವರ್ಷದ ಅಜ್ಜಿ. ಕಂಬಕ್ಕೆ ಒರಗಿದ್ದ ಆಯಿಯನ್ನು ಒಮ್ಮೆ ನೋಡಿ ಗೌರವ್ವ ಕಳವನ್ನು ಬೆಕ್ಕಿನ ಮೇಲೆ ಹಾಕಿದಳು. ಬೆಕ್ಕು ಏಳು ಕೀಲಿಗಳನ್ನು ಹೇಗೆ ತೆರೆಯಿತೆಂದು ಯಾರೂ ಕೇಳಲಿಲ್ಲ.

ಹೀಗಿರುವಾಗ ಅಭಿಪ್ರಾಯ ಏನೆಂದು ಬರೆಯುವುದು? ಮನೆಯವರ ಅಭಿಪ್ರಾಯ ಬರೆದರೆ ಅದು ಪುಸ್ತಕದ್ದಲ್ಲ. ಪುಸ್ತಕದ್ದನ್ನು ಬರೆದರೆ ಮನೆಯವರದಲ್ಲ. ಸುಳ್ಳು ಬರೆಯಬಾರದು, ಪುಸ್ತಕವೂ ನಿಲ್ಲಬಾರದು. ಎರಡು ದಿನ ಯೋಚಿಸಿ, ಒಂದಕ್ಷರವೂ ಸುಳ್ಳಿಲ್ಲದ ಕಾಗದವನ್ನು ಗೌರವ್ವ ಬರೆದು ಮುಗಿಸಿದಳು:

"ಮೂರೂ ಪುಸ್ತಕಗಳ ಹೊಲಿಗೆ ಗಟ್ಟಿಯಾಗಿದೆ. ಕಾಗದ ದಪ್ಪವಿದೆ. ಅಕ್ಷರ ದೊಡ್ಡವಿದ್ದು ಕಣ್ಣಿಗೆ ಹಿತವಾಗಿವೆ. ವಿಶೇಷವಾಗಿ 'ಅಂಬುಜೆಯ ಅಶ್ರುಧಾರೆ'ಯ ಕೊನೆಯಲ್ಲಿರುವ ಶುದ್ಧಾಶುದ್ಧ ಪತ್ರಿಕೆಯಿಂದ ನನಗೆ ಬಹಳ ಉಪಕಾರವಾಯಿತು. ಅದನ್ನು ಎಂಟು ದಿನ ಓದಿದೆನು."

ಕಾಗದ ಕಾಕಾನ ಕೈಯಲ್ಲಿ ಗೋಕಾಕಕ್ಕೆ ಹೋಯಿತು. ನಾಲ್ಕನೆಯ ದಿನ ಮಧ್ಯಾಹ್ನ ಮನೆಯ ಮುಂದೆ ಸೈಕಲ್ಲಿನ ಗಂಟೆ ಕೇಳಿಸಿತು. ಧೂಳಿನಲ್ಲಿ ಮಿಂದ ಮುರಿಗೆಪ್ಪ ಮಾಸ್ತರರೇ ಬಂದಿದ್ದರು.

"ಗೌರವ್ವ ಅಂದರ ಯಾರು?" ಎಂದು ಕೇಳುವಾಗ ಅವರ ಧ್ವನಿ ನಡುಗುತ್ತಿತ್ತು. "ಇಪ್ಪತ್ತು ಊರಿಗೆ ಪುಸ್ತಕಾ ಕಳಿಸೇನಿ. ಶುದ್ಧಾಶುದ್ಧ ಪತ್ರಿಕಾ ಓದಿದಾಕಿ ನೀ ಒಬ್ಬಾಕಿನ, ತಂಗಿ. ಅದೂ ಎಂಟು ದಿನ! ನೋಡಿ ಹೋಗೂಣಂತ ಬಂದೆ."

ಕೈಚೀಲದಿಂದ ನಾಲ್ಕು ಹೊಸ ಪುಸ್ತಕ ತೆಗೆದು ಜಮಖಾನೆಯ ಮೇಲೆ ಇಟ್ಟರು. ಬಾಗಿಲ ಮರೆಗೆ ಸರಿದು ನಿಂತಿದ್ದ ಗೌರವ್ವನ ಕಣ್ಣು ಅವುಗಳ ಮೇಲೆ ಹೋಯಿತು. ಒಂದರ ರಟ್ಟು ಹಸಿರಾಗಿತ್ತು. ಹೊಸ ಕಾಗದದ ವಾಸನೆ ಅಲ್ಲಿಯವರೆಗೂ ಬಂತು.

"ಇವು ನಿಮ್ಮೂರಿಗೆ," ಎಂದರು ಮಾಸ್ತರರು. "ಆದರ ಕೇಳಿದವರ ಅಭಿಪ್ರಾಯ ಬರದಿಲ್ಲಲ್ಲ? ಅವರ ಬಾಯಿಂದನ ಕೇಳತೇನಿ. ಮೊದಲ ಅಂಬುಜಿದು ಹೇಳ್ರಿ."

"ಭಾಳ ಚಲೋ ಐತ್ರಿ," ಎಂದಳು ಹಣಮವ್ವ, ಹಿಟ್ಟಿನ ಕೈಯಲ್ಲೇ ಮುಂದೆ ಸರಿದು. "ಅತ್ತೇವಿ, ನಕ್ಕೇವಿ."

ಮಾಸ್ತರರ ಮುಖ ಅರಳಿತು. ತಲೆ ತಗ್ಗಿಸಿ, "ಹೇಳಬಾರದು, ಆದರೂ ಹೇಳತೇನಿ. ಅದನ್ನ ಬರದಾಂವ ನಾನ," ಎಂದರು.

ಬಾಗಿಲ ಮರೆಯಲ್ಲಿ ಗೌರವ್ವ ಇನ್ನೊಂದು ಹೆಜ್ಜೆ ಹಿಂದೆ ಸರಿದಳು.

"ನೀವ ಏನ್ರಿ?" ಹಣಮವ್ವ ಎರಡೂ ಕೈ ಮುಗಿದಳು. "ಯಪ್ಪಾ, ನಿಮ್ಮ ಹೊಟ್ಟಿ ತಣ್ಣಗಿರಲಿ. ಆಕಿನ್ನ ಬಾವ್ಯಾಗಿಂದ ಎಬ್ಬಿಸಿದ್ರಿ!"

"ಎಬ್ಬಿಸಿದೆ?" ಎಂದರು ಮಾಸ್ತರರು.

"ಎಮ್ಮಿ ಕೊಡಿಸಿದ್ದು ನನಗ ಲಾಯಕ ಅನಸ್ತು," ಎಂದಳು ಚಿಗವ್ವ.

"ಎಮ್ಮಿ?"

"ಆ ಹಡಗದಾಗ ಬರತಿದ್ದ ರಂಡಿ ಕಡಿಗೆ ಏನಾದಳ್ರಿ?" ಎಂದಳು ಆಯಿ. "ಅದೊಂದು ಬಿಟ್ಟಬಿಟ್ರಿ ನೀವು."

ಮಾಸ್ತರರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಗೋಡೆಯ ಮಾಡದಲ್ಲಿದ್ದ ಪುಸ್ತಕ ತರಿಸಿ, ಕನ್ನಡಕ ಏರಿಸಿ, ನೂರಾ ಹನ್ನೆರಡನೆಯ ಪುಟವನ್ನು ಗಟ್ಟಿಯಾಗಿ ಓದಿದರು. ಅಂಬುಜೆ ಹಾರಿದಳು. ನೀರು ಸುಳಿಯಿತು. ಮುಗಿಯಿತು.

ಮೂವರೂ ಬಾಗಿಲ ಕಡೆ ತಿರುಗಿದರು.

ಗೌರವ್ವ ಹೊರಗೆ ಬಂದು ನಿಂತಳು. ಇಲ್ಲದಿದ್ದರೆ ಎಳೆದು ತರುತ್ತಾರೆಂದು ತಾನೇ ಬಂದಳು. ಕಣ್ಣೀರು ಮೂಗಿನ ತುದಿಯಲ್ಲಿ ನಿಂತಿತ್ತು. "ನಾನ... ನಾ ತಪ್ಪ ಓದೇನ್ರಿ. ಮೂರೂ ಪುಸ್ತಕಾ ತಪ್ಪ ಓದೇನಿ. ಆಯಿಗೆ, ಚಿಗವ್ವಗ, ಎಲ್ಲಾರಿಗೂ ಸುಳ್ಳ ಹೇಳೇನಿ." ಸಾಲೆ ಬಿಟ್ಟ ಮೇಲೆ ಹೊರಗಿನವರ ಮುಂದೆ ಅವಳು ಆಡಿದ ಮೊದಲ ಮಾತು ಇದು.

ಆಯಿ ಕಂಬ ಬಿಟ್ಟು ನೆಟ್ಟಗೆ ಕೂತಳು.

"ಮಾಸ್ತರ," ಎಂದಳು, "ಆಕಿನ್ನ ಮುಳಗಸಾಕ ನಿಮಗ ಎಷ್ಟ ದಿನಾ ಹಿಡೀತು?"

"ನಾಕು ವರ್ಷ ಬರದೇನಿ, ಅವ್ವಾರ."

"ನಾಕು ವರ್ಷದಾಗ ಬಾವಿಗೆ ಒಂದ ಹಗ್ಗಾ ಇಳಿ ಬಿಡಾಕ ಆಗಲಿಲ್ಲೇನ್ರಿ ನಿಮಗ?"

ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಆಯಿ ಗೌರವ್ವನ ಕಡೆ ತಿರುಗಿದಳು.

"ಇನ್ನ ನೀನು. ಸುಳ್ಳ ಹೇಳಿದೆ ಅಂತಿ. ಯಾರಿಗೆ ಹೇಳಿದಿ? ನನಗ ಓದಾಕ ಬರೂದಿಲ್ಲ ಖರೆ, ಕಣ್ಣ ಕಾಣತಾವು. ಎಂಟು ದಿನಾ ಒಂದ ಹಾಳಿ ಮ್ಯಾಲ ಬೆರಳ ಇಟಗೊಂಡ ಕುಂತಿದ್ದಿ. ಹಾಳಿ ತಿರವಲಾರದ ಯಾ ಪುಸ್ತಕಾ ಮುಂದ ಹೋಗತೈತಿ?"

ಗೌರವ್ವ ತನ್ನ ಬೆರಳು ನೋಡಿಕೊಂಡಳು. ಅದನ್ನು ಬೆನ್ನ ಹಿಂದೆ ಮರೆಮಾಡಿದಳು.

"ಮೊದಲನೇ ದಿನಾನ ಗೊತ್ತಾತು ನಮಗ," ಎಂದಳು ಹಣಮವ್ವ, ಸಂಕೋಚದಿಂದ. "ಆ ಪುಸ್ತಕದಾಗಿಂದ ತಲಿ ಎತ್ತಿ ಗ್ವಾಡಿ ನೋಡಿ ಓದತಿದ್ದೆಲ್ಲ, ತಂಗಿ. ಈಗ ಮಾಸ್ತರ ಮುಂದ ನಿನ್ನ ಮಾನಾ ಉಳಸಾಕಂತ ಏನೂ ತಿಳೀಲಾರದಾವ್ರಂಗ ಮಾತಾಡಿದ್ವಿ."

"ಬೆಕ್ಕು ಏಳು ಕೀಲಿ ತಗದೀತೇನು?" ಎಂದಳು ಚಿಗವ್ವ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಗಂಡಸು ನೀರ ಸೇದಬೇಕಂತ ಯಾ ಪುಣ್ಯಾತ್ಮ ಬರದಾನು?"

ಮೂರು ತಿಂಗಳು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು, ರೊಟ್ಟಿ ಬಿಟ್ಟು, ಕಣಜದ ಹಿಂದೆ ಅಡಗಿ, ಇವರಿಗೆಲ್ಲ ಮೋಸ ಮಾಡಿದೆನೆಂದು ಸೊರಗಿದ್ದಳು ಗೌರವ್ವ. ಮೋಸ ಹೋದವಳು ತಾನೊಬ್ಬಳೇ ಎಂದು ತಿಳಿದಾಗ ನಾಚಿಕೆ ಕಡಿಮೆಯಾಗಬೇಕಿತ್ತು. ಇಮ್ಮಡಿಯಾಯಿತು.

ಒಬ್ಬಳೇ ಅಲ್ಲ. ಬಾಗಿಲಲ್ಲಿ ಧಡ್ ಎಂದು ಸಪ್ಪಳವಾಯಿತು. ಹೆಗಲ ಮೇಲೊಂದು, ಕೈಯಲ್ಲೊಂದು ಕೊಡ ಹಿಡಿದು ಕೆಂಚಪ್ಪ ಕಾಕಾ ನಿಂತಿದ್ದ. ಕೈಯಲ್ಲಿದ್ದದ್ದು ಈಗ ನೆಲದ ಮೇಲಿತ್ತು.

"ಅಂದರ," ಎಂದ ಕಾಕಾ, "ಕಾಯದೆ ಇಲ್ಲಾ?"

ಚಿಗವ್ವ ಚೆಲ್ಲಿದ ನೀರಿನ ದಾರಿಯಿಂದ ಶಾವಿಗೆ ಮಣೆ ಸರಿಸಿದಳು.

"ಮೂಡಲಗಿ ಸಂತ್ಯಾಗ ಹೇಳಿ ಬಂದೇನಲ್ಲೊ! ಅಲ್ಲಿ ಬೆಲ್ಲದಂಗಡಿ ಸತ್ಯಪ್ಪ ಅದನ್ನ ನಂಬಿ ಅವತ್ತಿಂದನ ನೀರ ಸೇದಾಕತ್ತಾನ!"

"ಅದ ಒಂದ ಕೊಡಾ ಚೆಲ್ಲೈತ್ರಿ," ಎಂದಳು ಚಿಗವ್ವ ಮೆಲ್ಲಗೆ. "ಇನ್ನೊಂದ ಸಲಾ ಹೋಗಿ ಬಂದಬಿಡ್ರಿ."

ಕಾಕಾ ಗೌರವ್ವನ ಕಡೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ನಂಬಿ ಕೊಡಾ ಹೊತ್ತೆ ಅಲ್ಲ ನನ್ನವ್ವಾ," ಎಂದಷ್ಟೇ ಹೇಳಿ ರುಮಾಲು ಬಿಚ್ಚಿ ಚೆಲ್ಲಿದ ನೀರಿನ ಪಕ್ಕದಲ್ಲಿ ಕೂತ. ಗೌರವ್ವನಿಗೆ ಆ ಇನಸ್ಪೆಕ್ಟರ ಸಾಹೇಬರೇ ಬಂದು ಇನ್ನೊಮ್ಮೆ ಓದು ಎಂದಿದ್ದರೂ ಇದಕ್ಕಿಂತ ಹಗುರವಾಗಿರುತ್ತಿತ್ತು.

ಮಾಸ್ತರರು ನಾಲ್ಕು ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿದರು. ಹಸಿರು ರಟ್ಟಿನದು ಕೊನೆಗೆ ಹೋಯಿತು. "ನೇಮ ಅಂದರ ನೇಮ, ತಂಗಿ," ಎಂದರು. "ಅಚ್ಚಾದ ಪುಸ್ತಕದ ಮ್ಯಾಲ ಪ್ರಾಮಾಣಿಕ ಅಭಿಪ್ರಾಯ ಬೇಕು. ಮೂರೂ ಪುಸ್ತಕಾ ಇಲ್ಲೇ ಇರಲಿ. ಇದ್ದದ್ದನ್ನ ಇದ್ದಂಗ ಓದಿ ಹೇಳು. ಅವರು ಅಂದದ್ದನ್ನ ಅಂದಂಗ ಬರಿ. ಆಮ್ಯಾಲ ಇವು ಬರತಾವು."

"ಆಕಿ ಮುಳಗಿದ್ರ ನಾವು ಅಳತೇವಿ," ಎಂದು ಆಯಿ ಎಚ್ಚರಿಸಿದಳು. "ಹಿಟ್ಟು ಕೆಡತೈತಿ."

"ಕೆಡಲಿ, ಅವ್ವಾರ," ಎಂದರು ಮಾಸ್ತರರು, ಮೊದಲ ಬಾರಿಗೆ ಸ್ವಲ್ಪ ನಗುತ್ತ. "ನಾಕು ವರ್ಷ ಬರದೇನಿ. ಒಂದ ಮುದ್ದಿ ಹಿಟ್ಟರೆ ಕೆಡಲಿ."

ಸೈಕಲ್ಲು ಏರುವ ಮುನ್ನ ಹಿಂತಿರುಗಿ, ಎಮ್ಮೆಯ ಬಣ್ಣ ಏನಿತ್ತೆಂದು ಹಣಮವ್ವನನ್ನು ಗುಟ್ಟಾಗಿ ಕೇಳಿದರು. ಕೇಳಿದ್ದನ್ನು ಗೌರವ್ವ ನೋಡಿದಳು, ನೋಡಿದ್ದಕ್ಕೂ ನಾಚಿಕೊಂಡಳು.

ಆ ಸಂಜೆ ದೀಪ ಹಚ್ಚುವ ಮೊದಲು ಪಾಟಿಯನ್ನು ಮುಟ್ಟದೆ ನೇರವಾಗಿ ಕಾಗದದ ಮೇಲೆ ಬರೆದಳು:

"ಮಾನ್ಯರೇ, ಹೋದ ಕಾಗದದಲ್ಲಿ ಅಕ್ಷರಕ್ಕೆ ಮತ್ತು ಮಾತಿಗೆ ಮಾತ್ರ ಕ್ಷಮೆ ಕೇಳಿದ್ದೆನು. ಉಳಿದದ್ದಕ್ಕೆ ಈಗ ಕೇಳುತ್ತೇನೆ. ಅಂಬುಜೆಯ ಮೇಲೆ ನನ್ನದೊಂದೇ ಅಭಿಪ್ರಾಯವಿದೆ: ಅವಳು ಸಾಯಬಾರದಿತ್ತು. ಉಳಿದವರ ಅಭಿಪ್ರಾಯವನ್ನು ಅವರು ಕೇಳಿದ ಮೇಲೆ ಬರೆಯುತ್ತೇನೆ. ನಾಳೆ ಮುಂಜಾನೆ ಕಾಕಾನ ಬದಲು ನಾನು ನೀರು ಸೇದುತ್ತೇನೆ. ಮಧ್ಯಾಹ್ನ 'ಗೃಹಿಣೀ ನೀತಿಬೋಧಿನಿ'ಯಿಂದ ಶುರುಮಾಡಿ ಮೂರೂ ಪುಸ್ತಕಗಳನ್ನು ಅಚ್ಚಾದ ಹಾಗೆಯೇ ಓದುತ್ತೇನೆ. ಕಾಕಾ ಎದುರಿಗೆ ಕೂರುತ್ತಾನಂತೆ. ಹಾಳೆಗಳನ್ನೂ ತಿರುವುತ್ತೇನೆ."